ಮುಂಜಾನಿ ಆರರ ಮೆಸೇಜು

ಬನಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಕೈಯಲ್ಲಿ ಹಳೆಯ ಮೊಬೈಲಿತ್ತು. ನೇಕಾರರ ಸಂಘದ ಕಾರ್ಡು ಕೊರಳಲ್ಲಿದ್ದ ಯುವಕ ಅವರನ್ನು ಬಸ್ಸು ಹತ್ತಿಸಲು ಬಂದಿದ್ದ.

“ನೀವು ಹೇಳಿದ್ದು ಛಲೋ ಆತು, ವೈನಿ. ಸಂಘದ ಸರ್ವರಿನ ಮೂರನೇ ಡಿಸ್ಕ್ ಇವತ್ತ ನಾಳೆ ಕೈ ಕೊಡತಿತ್ತು. ಹೊಸಾದು ಹಾಕೇನಿ. ಸೀರಿ ಡಿಸೈನ್ ಎಲ್ಲಾ ಉಳದಾವು.”

“ದಿನಾ ಮುಂಜಾನಿ ಆರಕ್ಕ ‘ಎಲ್ಲಾ ಡಿಸ್ಕ್ ಸರಿ ಅದಾವು’ ಅಂತ ಮೆಸೇಜ್ ಬರತಿತ್ತು. ಇವತ್ತ ಬ್ಯಾರೆ ಬಂತು. ಜಮಖಂಡಿಯಿಂದ ಹಂಗ ಎದ್ದು ಬಂದೆ.”

“ಫೋನ್ ಮಾಡಿದ್ರ ಸಾಕಿತ್ತಲ್ರಿ.”

“ತೀರಿಕೊಂಡ ನಮ್ಮ ಮನಿಯವರ ನಂಬರಿಂದ ಫೋನ್ ಬಂದ್ರ ನೀ ಹೆದರತಿದ್ದಿ, ಸೋಮಲಿಂಗ.”

“ಸರ್ವರ್ ನೋಡಿಕೋತಿದ್ದ ಗುರುಸಿದ್ದಣ್ಣಾರು ಹೋಗಿ ಎರಡು ವರ್ಷಾತು. ಸರ್ವರಿನ್ಯಾಗ ಅವರ ನಂಬರ್ ಬದಲಿ ಮಾಡಬೇಕಂತ ನಮಗ್ಯಾರಿಗೂ ಹೊಳೀಲಿಲ್ಲ. ಈ ಫೋನಿಗೆ ಇನ್ನೂ ರೀಚಾರ್ಜ್ ಮಾಡಸ್ತೀರೇನು?”

“ತಿಂಗಳ ತಿಂಗಳ ಮಾಡಸ್ತೇನಿ. ಮೆಸೇಜ್ ನೋಡಿದ ಮ್ಯಾಲೇ ಅವರು ಚಾ ಕುಡೀತಿದ್ರು. ನಾನೂ ಹಂಗ ಕುಡೀತೇನಿ.”

“ನಾಳೆಯಿಂದ ನಿಮಗ ಆ ತ್ರಾಸಿಲ್ಲ ಬಿಡ್ರಿ. ಅವರ ನಂಬರ್ ತಗದು ನನ್ನದು ಹಾಕೇನಿ.”

ಜಮಖಂಡಿ ಬಸ್ಸು ಬಂತು. ಅವರು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

“ನಿನ್ನ ನಂಬರ್ ಇರಲಿ, ತಮ್ಮಾ. ಅವರದೂ ಹಾಕು. ಮುಂಜಾನಿ ನನ್ನ ಮಾತಾಡಸೋದು ಅದೊಂದ.”