ತೊಲೆಗೆ ಬಿಟ್ಟ ಬೆರಳಗಲ ಜಾಗ

ಒಂದು ಊರು ಅಂತ ಇಟ್ಟುಕೊಳ್ಳಿ, ಅಲ್ಲೊಬ್ಬ ಶ್ರೀಮಂತ. ಬಾಗಿಲಿಗೆ ಅಗುಳಿ ಹಾಕಿದ ಮೇಲೂ ಮತ್ತೊಮ್ಮೆ ಎಳೆದು ನೋಡಿ ಮಲಗುವ ಪೈಕಿ. ಒಬ್ಬಳೇ ಮಗಳು, ಎಂಜಿನಿಯರು. ಅವಳ ಮದುವೆ ತಾನು ಹೊಸದಾಗಿ ಕಟ್ಟಿಸುತ್ತಿದ್ದ ಕಲ್ಯಾಣ ಮಂಟಪದಲ್ಲೇ ಆಗಬೇಕೆಂದು ಅವನಿಗೆ ಆಸೆ. ಚಾವಣಿಯ ಲೆಕ್ಕವನ್ನು ಮಗಳೇ ವಹಿಸಿಕೊಂಡಳು.

ಕಂಪ್ಯೂಟರಿನಲ್ಲಿ ಅವಳು ಇಡೀ ಚಾವಣಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿದಳು. ಒಂದೊಂದು ತುಂಡೂ ಎಷ್ಟು ತಾಳುತ್ತದೆ ಎಂದು ನೋಡಬೇಕಲ್ಲ! ತಗಡಿನ ಭಾರ ಹಾಕಿದಳು, ಗಾಳಿಯ ಭಾರ ಹಾಕಿದಳು. ಬಿಸಿಲಿನ ಭಾರಕ್ಕೆ ಬಂದಾಗ ಅಪ್ಪನಿಗೆ ನಗು ತಡೆಯಲಿಲ್ಲ.

"ಬಿಸಿಲಿಗೂ ತೂಕ ಇದೆಯೇನಮ್ಮಾ? ತಕ್ಕಡೀಲಿಟ್ಟು ನೋಡಿದ್ಯಾ?"

"ತೂಕ ಇಲ್ಲಪ್ಪ. ಕಬ್ಬಿಣ ಬಿಸಿಯಾದ್ರೆ ಉದ್ದ ಆಗುತ್ತೆ. ಪುಷ್ಯದ ಚಳೀಲಿ ಕೂರಿಸ್ತೀವಿ, ವೈಶಾಖದಲ್ಲಿ ಸುಡುತ್ತೆ. ಆ ಎರಡರ ನಡುವಿನ ವ್ಯತ್ಯಾಸಾನೇ ಇಲ್ಲಿ ಕೊಡಬೇಕು."

ಪರದೆಯ ಮೇಲೇ ಕಬ್ಬಿಣದ ತೊಲೆಯ ಒಂದು ತುದಿಯನ್ನು ಹಿಡಿದು, ಇನ್ನೊಂದನ್ನು ಜರುಗುವಂತೆ ಬಿಟ್ಟು ಬಿಸಿ ಕೊಟ್ಟಳು. ತೊಲೆ ಬೆರಳಗಲ ಬೆಳೆದು ಆರಾಮಾಗಿ ಇತ್ತು. ಎರಡೂ ತುದಿ ಬಿಗಿದು ಅಷ್ಟೇ ಬಿಸಿ ಕೊಟ್ಟಳು. ಪರದೆಯ ತುಂಬ ಕೆಂಪು, ಅಂದರೆ ತೊಲೆ ತಾಳುವುದಿಲ್ಲ! ನೋಡಿ, ತೊಲೆ ಅದೇ, ಬಿಸಿಯೂ ಅದೇ. ಬದಲಾದದ್ದು ಬಿಗಿತ ಒಂದೇ.

"ಅದಕ್ಕೇ ಈ ತುದೀಲಿ ಉದ್ದನೆ ತೂತು ಬಿಡ್ತೀನಿ. ಬೋಲ್ಟು ಅದರಲ್ಲಿ ಆಡ್ತಿರಬೇಕು" ಎಂದಳು.

ಅಪ್ಪ ಹೂಂ ಅಂದ. ಹೂಂ ಅಂದವರೆಲ್ಲ ಕೇಳಿಸಿಕೊಂಡಿರುತ್ತಾರೆಯೇ? ಈಗ ನೀವೂ ಹೂಂ ಅನ್ನುತ್ತಿದ್ದೀರಿ!

ಚಾವಣಿ ಎದ್ದಿತು. ಶ್ರೀಮಂತ ಏಣಿ ಹತ್ತಿ ಬೋಲ್ಟು ಅಲ್ಲಾಡಿಸಿದ. ಆಡಿತು. ಮಗಳ ಮದುವೆ ಸಡಿಲ ಬೋಲ್ಟಿನ ಕೆಳಗೇ? ಅವಳಿಗೆ ಒಂದು ಮಾತೂ ಹೇಳದೆ ವೆಲ್ಡಿಂಗಿನವನನ್ನು ಕರೆಸಿ, ಆಡುವ ತುದಿಗಳನ್ನೆಲ್ಲ ಬೆಸೆಸಿಬಿಟ್ಟ. ಈಗ ಗಟ್ಟಿಯಾಯಿತು ಎಂದು ಮೀಸೆ ತಿರುವಿದ.

ವೈಶಾಖ ಬಂತು. ಲಗ್ನಪತ್ರಿಕೆ ಹಂಚಿಯಾಗಿತ್ತು. ಮದುವೆಯ ಹಿಂದಿನ ದಿನ ನಡುಮಧ್ಯಾಹ್ನ ಹೂವಿನವರು ಮಾಲೆ ಕಟ್ಟುತ್ತಿದ್ದಾಗ ಮೇಲಿಂದ ಕಿರ್ರೆಂದು ಸದ್ದು. ತೊಲೆ ಸೊಟ್ಟಗಾಗಿತ್ತು, ಕಂಬದ ತಲೆ ಸೀಳಿತ್ತು. ಮಗಳು ಓಡಿಬಂದು ನೋಡಿದಳು.

"ಯಾರಪ್ಪ ಇದನ್ನ ಬೆಸೆಸಿದ್ದು?"

"ನಾನೇ ಕಣಮ್ಮಾ. ಗಟ್ಟಿ ಇರಲಿ ಅಂತ. ನಿನಗೋಸ್ಕರಾನೇ..."

"ಇದರ ಕೆಳಗೆ ಒಬ್ಬರನ್ನೂ ಕೂರಿಸೋದು ಬೇಡ" ಎಂದಳು. ಅಪ್ಪ ಚಪ್ಪರದವರನ್ನು ಕರೆಸಿದ.

ಮದುವೆ ಹಿತ್ತಲಿನ ಚಪ್ಪರದಲ್ಲಿ ನಡೆಯಿತು. ಬಂದವರೆಲ್ಲ, "ಮಂಟಪ ಏನಾಯ್ತು ಯಜಮಾನರೇ?" ಎಂದು ಕೇಳುವವರೇ. ಪಾಪ, ಅವನಿಗೆ ನಾಚಿಕೆಯಿಂದ ಕತ್ತು ಎತ್ತಲಾಗಲಿಲ್ಲ. ಆದರೂ ಒಬ್ಬೊಬ್ಬರಿಗೂ, "ಮಗಳ ಲೆಕ್ಕ ಸರಿಯಾಗೇ ಇತ್ತು, ನಾನೇ ಬಿಗಿದು ಕೆಡಿಸಿದೆ" ಎಂದೇ ಹೇಳಿದ. ಚಪ್ಪರದಲ್ಲಿ ಅಷ್ಟು ಹೇಳುವುದಕ್ಕೆ ಧೈರ್ಯ ಬೇಕು ಸ್ವಾಮಿ!

ಈಗ ನಿಮ್ಮ ಮನೆಗೆ ಬನ್ನಿ. ಬಿಸಿಯಾಗದ ಮನುಷ್ಯ ಯಾರಿದ್ದಾರೆ? ಹೆಂಡತಿ ಆಗುತ್ತಾಳೆ, ಗಂಡ ಆಗುತ್ತಾನೆ, ಬೆಳೆದ ಮಕ್ಕಳಂತೂ ಕೇಳಲೇಬೇಡಿ. ಆ ಬಿಸಿ ನಿಮ್ಮ ಕೈಯಲ್ಲಿಲ್ಲ. ಬಿಗಿಯುವುದು ಮಾತ್ರ ನಿಮ್ಮ ಕೈಯಲ್ಲಿದೆ. "ಎದುರು ಮಾತಾಡಬೇಡ" ಅನ್ನುತ್ತೀರಲ್ಲ, ಅದೇ ವೆಲ್ಡಿಂಗು. ಅದೂ ಎಂಥವರಿಗೆ? ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವವರಿಗೇ!

ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ. ಒಂದು ತುದಿ ಹಿಡಿದುಕೊಳ್ಳಿ, ಇನ್ನೊಂದು ತುದಿಗೆ ಬೆರಳಗಲ ಜಾಗ ಕೊಡಿ. ಇವತ್ತು ಊಟಕ್ಕೆ ಕೂತಾಗ ಯಾರ ದನಿಯಾದರೂ ಏರಿದರೆ ಬಾಯಿ ಮುಚ್ಚಿಸಬೇಡಿ. ತಟ್ಟೆ ಬಿಟ್ಟು ಏಳಲೂಬೇಡಿ. ಅವರ ಮಾತು ಮುಗಿಯುವ ತನಕ ಸುಮ್ಮನೆ ಕೂತು ಕೇಳಿ. ಸಾರು ಆರಿದರೆ ಆರಲಿ.