ಎರಡು ನಿಮಿಷದ ಬಾವಿ

ವಿದೇಶದ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಮಾತಿನ ಪರೀಕ್ಷೆಯ ಕೋಣೆಯ ಹೊರಗೆ ಕೂತು ಉತ್ತರ ಉರು ಹೊಡೆಯುತ್ತಿದ್ದ ಲಾರಿ ಡ್ರೈವರನ ಕಿವಿಗೆ ಪಕ್ಕದ ಇಬ್ಬರು ನರ್ಸುಗಳ ಮಾತು ಬಿತ್ತು.

“ಎರಡು ನಿಮಿಷ ತಡವರಿಸದೆ ಮಾತಾಡೋದು ಹೇಗೆ ಕಲಿತೆ ಅಕ್ಕಾ?”

“ನಮ್ಮ ವಾರ್ಡಿನ ಇಂಗ್ಲಿಷ್ ಮೇಷ್ಟ್ರಿಗೆ ದಿನಾ ಇಂಗ್ಲಿಷಲ್ಲಿ ಒಂದೇ ಕಥೆ ಹೇಳ್ತಿದ್ದೆ.”

“ಪ್ರಜ್ಞೆ ತಪ್ಪಿ ಮಲಗಿದಾರಲ್ಲ, ಅವರಿಗಾ?”

“ತಪ್ಪು ಹಿಡಿಯಲ್ಲ ಅನ್ನೋ ಧೈರ್ಯ. ನಾನು ಚಿಕ್ಕವಳಿದ್ದಾಗ ಬಾವಿಗೆ ಬಿದ್ದ ಕಥೆ. ಹಗ್ಗ ಕೈಗೆ ಸಿಗೋ ಹೊತ್ತಿಗೆ ಎರಡು ನಿಮಿಷ ಮುಗಿಯೋದು, ಅಲ್ಲಿಗೇ ನಿಲ್ಲಿಸಿಬಿಡ್ತಿದ್ದೆ.”

“ಹೂಂ.”

“ನಿನ್ನೆ ನಿಲ್ಲಿಸಿ ದಿಂಬು ಸರಿ ಮಾಡ್ತಿದ್ದೆ. ಮೆಲ್ಲಗೆ ಕಣ್ಣು ಬಿಟ್ಟು, ‘ಆಮೇಲೆ?’ ಅಂದರು ಕಣೇ.”

ಕಿರಿಯವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಇಬ್ಬರ ಹೆಸರನ್ನೂ ಕರೆದರು. ಇಬ್ಬರೂ ಎದ್ದು ಹೋದರು.

ಡ್ರೈವರ್ ಉರು ಹೊಡೆದದ್ದನ್ನೆಲ್ಲ ಮರೆತು, ಮುಚ್ಚಿದ ಬಾಗಿಲನ್ನೇ ನೋಡುತ್ತ, “ಆಮೇಲೆ?” ಅಂದ.