ಖಣಿಯ ನೀರಿಗೆ ಬಿಟ್ಟ ರೊಟ್ಟಿ

ಖಣಿಯಂಚಿನ ಆಲದಮರ ದಾಟುವಾಗ ಯಂಕಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಆಗಲೇ ರಾತ್ರಿ ಹನ್ನೊಂದು ದಾಟಿತ್ತು.

ಆ ಮರವನ್ನು ಕಡಿಯಬಾರದೆಂದು ಸುಣ್ಣದಲ್ಲಿ ನಂಬರು ಬರೆದಿದ್ದರು. ಮರ ಉಳಿಯಿತು, ಕೆಳಗಿನ ಮಣ್ಣು ಉಳಿಯಲಿಲ್ಲ. ಅರ್ಧ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ಬೇರಿನಿಂದ ಗರಸು ಮಣ್ಣು ಉದುರಿತು... ಜರ್... ಜರ್... ಆಮೇಲೆ ಬಹಳ ಕೆಳಗೆ, ನೀರಿನಲ್ಲಿ, ಪುಳಕ್.

ಯಾರೋ ಹೇಳಿದ್ದಲ್ಲ ಇದು. ಯಂಕಮ್ಮ ನನ್ನ ಚಿಕ್ಕಮ್ಮನ ಮಗಳು. ನಾನು ಲಿಂಗಸೂಗೂರು ಬಿಟ್ಟು ಹೈದರಾಬಾದಿನ ಸನತ್‌ನಗರಕ್ಕೆ ಬಂದು ನಲವತ್ತು ವರ್ಷ. ಅವಳೂ ಅವಳ ಗಂಡ ಮಾಣಿಕಪ್ಪನೂ ಈಚೆಗೆ ಬಂದವರು, ಊರ ಹೊರಗಿನ ಈ ಗರಸಿನ ಖಣಿಗೆ. ದಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಸುತ್ತ ಬೇಲಿ ಹಾಕಬೇಕು, ಕೊನೆಗೆ ಗುಂಡಿ ಮುಚ್ಚಿ ಗಿಡ ನೆಡಬೇಕು ಎಂದು ಪರವಾನಗಿ ಕಾಗದದಲ್ಲಿತ್ತಂತೆ. ಕಡಿದದ್ದು ಗೋಡೆಯ ಹಾಗೆ ನೆಟ್ಟಗೆ. ಬೇಲಿ ಹಾಕಿದ್ದು ತಪಾಸಣೆಯ ಸಾಹೇಬರ ಜೀಪು ಬರುವ ಕಡೆಗೆ ಮಾತ್ರ. ಒಂದು ಸಂಜೆ ದಂಡೆ ಕುಸಿದು ಖಣಿಯ ನೀರಿಗೆ ಬಿತ್ತು. ಕಬ್ಬಿಣದ ಸಲಾಕಿ ಹಿಡಿದು ಒಬ್ಬನೇ ಕೆಲಸ ಮಾಡುತ್ತಿದ್ದ ಮಾಣಿಕಪ್ಪ ಮನೆಗೆ ಬರಲಿಲ್ಲ. ಅವನ ಚಪ್ಪಲಿ ಸಿಕ್ಕವು. ಎಂಟು ದಿನವಾದರೂ ಅವನು ಸಿಗಲಿಲ್ಲ.

ಮೇಸ್ತ್ರಿ ಅಮರೇಶಪ್ಪ ನಮ್ಮ ಕಡೆಯವನೇ. “ನಿನ್ನ ಬಾಯಿಗೆ ಹೆದರಿ ಎಲ್ಲೆರ ಓಡಿಹೋಗಿರಬೇಕು ತಗೋ,” ಅಂದ. ಎಂಟನೆಯ ದಿನ ಯಂಕಮ್ಮ ಅವನ ಕಾಲು ಹಿಡಿದಳು.

“ನಾಳೆ ಮುಂಜಾನೆ ಟಿಪ್ಪರ್ ಹಚ್ಚಾಕತ್ತೀನಿ ಬೇ. ಸೋಮವಾರ ಸಾಹೇಬ್ರು ಬರೂದ್ರೊಳಗ ಖಣಿ ಮುಚ್ಚಿ ಸಸಿ ಹಚ್ಚಬೇಕು. ಇಷ್ಟು ನೀರಾಗ ಎಲ್ಲಿ ಹುಡುಕ್ಲಿ? ಜಾಗ ತೋರ್ಸು, ಈಜುಗಾರರನ್ನ ಇಳಸ್ತೀನಿ.”

ನಮ್ಮ ಮನೆತನದಲ್ಲಿ ಒಂದು ರೂಢಿಯುಂಟು. ನೀರಿಗೆ ಬಿದ್ದವರು ಸಿಗದಿದ್ದರೆ, ಒಣಗಿಸಿದ ಜೋಳದ ರೊಟ್ಟಿಯ ಮೇಲೆ ಹಿಟ್ಟಿನ ಹಣತೆ ಹಚ್ಚಿ ಬಿಡುವುದು. ರೊಟ್ಟಿ ಬಡಿದವಳೇ ಹೆಸರು ಹಿಡಿದು ಕರೆಯಬೇಕು. ದೀಪ ನಿಂತಲ್ಲಿ ಮನುಷ್ಯ.

ಟಿಪ್ಪರ್ ಇಳಿಯುವ ಇಳಿಜಾರಿನಲ್ಲಿ ನೀರಿನ ಅಂಚಿಗೆ ಹೋದೆವು. ದೀಪ ಬಿಟ್ಟೆವು.

“ಕರಿ,” ಅಂದೆ ಪಿಸುದನಿಯಲ್ಲಿ.

“ಅಕ್ಕಾ... ಅವರ ಹೆಸರು ಹೆಂಗ ಹೇಳ್ಲಿ?”

“ಇದ್ದಾಗ ಬೈಯಾಕ ಭಾಳ ನಾಲಿಗಿ ಇತ್ತು. ಈಗೇನಾತು?”

“ಬೈತಿದ್ದೆ. ಹೆಸರು ಹಿಡೀತಿರಲಿಲ್ಲ.”

ಇಪ್ಪತ್ತೆರಡು ವರ್ಷದ ಬಾಳಿನಲ್ಲಿ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಕೊನೆಗೆ, ದಿನಾ ಉಣ್ಣಲು ಕರೆಯುತ್ತಿದ್ದ ಹಾಗೇ ಕರೆದಳು.

“ಏನ್ರೀ... ಬರ್ರೀ...”

ಗಾಳಿ ಇರಲಿಲ್ಲ. ದೀಪ ಹೊರಟಿತು.

ಠಣ್.

ಕಲ್ಲಿಗೆ ಸಲಾಕಿ ಬಡಿದ ಸದ್ದು. ನೀರಿನ ಕೆಳಗಿನಿಂದ... ದೀಪ ಅತ್ತ ತಿರುಗಿತು. ಆಗ ಎಡಕ್ಕೆ... ಠಣ್. ದೀಪವೂ ಎಡಕ್ಕೆ. ಆಮೇಲೆ ದೂರದ ಮೂಲೆಯಲ್ಲಿ, ಮೆಲ್ಲಗೆ... ಠಣ್.

“ಅಕ್ಕಾ... ಎಷ್ಟು ಮಂದಿ ಅದಾರ ಒಳಗ?”

ನಾನು ಅವಳ ಬಾಯಿ ಮುಚ್ಚಿದೆ. ‘ಏನ್ರೀ’ ಅಂದರೆ ಯಾರ ಗಂಡನಾದರೂ ಓಗೊಡುತ್ತಾನಲ್ಲ! ದೀಪ ಮೂರು ಸದ್ದಿನ ನಡುವೆ ಗಿರಗಿರ ಸುತ್ತುತ್ತಿತ್ತು. ರೊಟ್ಟಿ ನೆನೆಯುತ್ತಿತ್ತು, ಒಂದು ಅಂಚು ಆಗಲೇ ನೀರೊಳಗೆ. ಇನ್ನೊಂದು ರೊಟ್ಟಿ ತಂದಿರಲಿಲ್ಲ. ಇನ್ನೊಂದು ರಾತ್ರಿಯೂ ಇರಲಿಲ್ಲ.

ಯಂಕಮ್ಮ ನನ್ನ ಕೈ ತಳ್ಳಿ ಚೀರಿದಳು.

“ಮಾಣಿಕಪ್ಪಾ!”

ಎರಡು ಸದ್ದು ನಿಂತವು. ಒಂದು ಉಳಿಯಿತು. ದೀಪ ನೆಟ್ಟಗೆ ಹೋಗಿ ಆಲದ ಬೇರಿನ ಕೆಳಗೆ ನಿಂತಿತು... ಆರಿತು.

ಬೆಳಿಗ್ಗೆ ಈಜುಗಾರರು ಅಲ್ಲೇ ಇಳಿದರು. ಮಾಣಿಕಪ್ಪ ಸಿಕ್ಕ. ಸಲಾಕಿ ಕೈಯಲ್ಲೇ ಇತ್ತು.

“ಇನ್ನೂ ಇಬ್ಬರು ಅದಾರ್ರಿ,” ಅಂದಳು ಯಂಕಮ್ಮ.

ಅಮರೇಶಪ್ಪ ನಮ್ಮ ಮುಖ ನೋಡಲಿಲ್ಲ. “ಹೆಸರೇನು ಅವರದು? ಯಾವೂರವರು?”

ನಮಗೇನು ಗೊತ್ತು? ಹೆಸರಿಲ್ಲದೆ ಹೇಗೆ ಕರೆಯುವುದು?

“ನಿನ್ನಂವ ಸಿಕ್ಕನಲ್ಲ. ಮಣ್ಣು ಮಾಡಿ ನಡಿ.”

ಯಂಕಮ್ಮ ಟಿಪ್ಪರಿನ ಮುಂದೆ ಅಡ್ಡ ಮಲಗಿದಳು. ನಾಲ್ಕು ಜನ ಎತ್ತಿ ಬದಿಗಿಟ್ಟರು. ಸಂಜೆಯವರೆಗೂ ಮಣ್ಣು ಬಿತ್ತು... ಧಬ್... ಧಬ್.

ಈಗ ಅಲ್ಲಿ ಬೇವು, ಹೊಂಗೆ ಸಸಿಗಳ ಸಾಲು. ಸೊಂಟದೆತ್ತರ ಬಂದಿವೆ. ಯಂಕಮ್ಮ ಅವಕ್ಕೆ ನೀರು ಹಾಕುತ್ತಾಳೆ. ರಾಯಚೂರು ಕಡೆಯ ಏಳೆಂಟು ಸಂಸಾರಗಳು ಅದೇ ಕೆಲಸಕ್ಕಿವೆ. ಆ ರಾತ್ರಿಯ ಮಾತು ಅವರಿಗೆಲ್ಲ ಗೊತ್ತು.

ಹೋದ ತಿಂಗಳು ನಾನು ಹೋಗಿದ್ದೆ. ನಂಬದಿದ್ದರೆ ನೀವೂ ಹೋಗಿ, ಉಣ್ಣುವ ಹೊತ್ತಿಗೆ ನಿಂತು ಕೇಳಿ. ಮದುವೆಯಾಗಿ ತಿಂಗಳಾಗದ ಹುಡುಗಿ, ಕೈತುಂಬ ಹಸಿರು ಬಳೆ, ತಲೆಮೇಲೆ ಸೆರಗು. ಸಸಿಗಳ ನಡುವೆ ನಿಂತು ಗಂಡನನ್ನು ಕೂಗಿದಳು.

“ಏ ಹುಲಗೇಶಾ, ಉಣ್ಣಾಕ ಬಾ!”

ಅತ್ತೆ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತ ಕೂತಿದ್ದಳು... ಬೈಯಲಿಲ್ಲ.